ಮೂಸಿ ನೋಡುವ ಅಕ್ಕ

ಮೂಸೋ ಅಕ್ಕ ಅಂಗಡಿಗೆ ಕಾಲಿಟ್ಟಳೆಂದರೆ ಚರ್ಮದ ಬ್ಯಾಗು ಹೊಲಿಯುವವನಿಗೆ ಪರೀಕ್ಷೆಗೆ ಕೂತಂತಾಗುತ್ತದೆ. ಆ ಹೆಸರು ಅವನೇ ಇಟ್ಟದ್ದು, ಮನಸ್ಸಿನಲ್ಲೇ. ಚೆನ್ನಾಗಿದ್ದೀಯಾ ಎಂದು ಕೇಳುವ ಮೊದಲೇ ಆಕೆ ಕೈಗೆ ಸಿಕ್ಕ ಬ್ಯಾಗನ್ನು ಮೂಗಿಗೆ ಒತ್ತಿಕೊಂಡು, "ಇದು ಚರ್ಮಾನೋ, ಚರ್ಮದ ವೇಷಾನೋ?" ಎನ್ನುತ್ತಾಳೆ. ಆಮೇಲೆ ಉಗುರಿನಿಂದ ಗೀರುತ್ತಾಳೆ, ಒದ್ದೆ ಬೆರಳಿನಿಂದ ಉಜ್ಜುತ್ತಾಳೆ, ಒಳಗಿನ ಅರೆಗಳನ್ನು ಕಳ್ಳನ ಜೇಬು ತಡಕಿದಂತೆ ತಡಕುತ್ತಾಳೆ. "ಕೈಹೊಲಿಗೆ ಅಕ್ಕಾ" ಎಂದರೆ, "ಯಾರ ಕೈ? ಎಲ್ಲಿ ತೋರಿಸು" ಎಂದು ಅವನ ಬೆರಳಿನ ಸೂಜಿಗಾಯಗಳನ್ನೂ ಕನ್ನಡಕ ಏರಿಸಿ ನೋಡುತ್ತಾಳೆ. ಚರ್ಮಕ್ಕೆ ಹಚ್ಚುವ ಎಣ್ಣೆಯನ್ನಂತೂ ಮೊದಲು ಅವನ ಚಪ್ಪಲಿಗೇ ಹಚ್ಚಿಸಿ ನೋಡಿ, ಆಮೇಲೆ ಕೊಳ್ಳುವುದು. ಆ ಎಣ್ಣೆಯೆಲ್ಲ ಕುಡಿಯುವುದು ಆಕೆಯ ಹೆಗಲಿನ ಹಳೇ ಕಪ್ಪು ಬ್ಯಾಗು. ಮದುವೆಯಾದ ಹೊಸದರಲ್ಲಿ ಗಂಡ ತಂದುಕೊಟ್ಟದ್ದು. "ಅಪ್ಪಟ ಚರ್ಮ, ನನಗೆ ಟೋಪಿ ಹಾಕೋನು ಇನ್ನೂ ಹುಟ್ಟಿಲ್ಲ" ಎಂದು ಆತ ಇವತ್ತಿಗೂ ಬೀಗುತ್ತಾನೆ. ಮೊನ್ನೆ ಅದರ ಪಟ್ಟಿ ಕಿತ್ತುಹೋಗಿ, ಅಕ್ಕ ಅದನ್ನು ರಿಪೇರಿಗೆ ತಂದಳು. ಅಂಚಿನಲ್ಲಿ ಕಪ್ಪು ಸಿಪ್ಪೆ ಎದ್ದು ಅಡಿಯ ಬಟ್ಟೆ ಇಣುಕುತ್ತಿತ್ತು. ರೆಕ್ಸಿನ್ ಮಾತ್ರ ಹಾಗೆ ಸುಲಿಯುತ್ತದೆ. ಆಕೆಯ ಚಾಳಿ ಹೊಲಿಯುವವನಿಗೂ ಅಂಟಿತ್ತೋ ಏನೋ, ಬ್ಯಾಗನ್ನು ಎತ್ತಿ ಮೂಗಿನ ಹತ್ತಿರ ಒಯ್ದ. ಅಕ್ಕ ಥಟ್ಟನೆ ಅವನ ಕೈ ಹಿಡಿದಳು. "ಹೊಲಿದುಕೊಡಪ್ಪ, ಸಾಕು. ಇದನ್ನ ಮಾತ್ರ ಮೂಸಬೇಡ" ಎಂದು ದನಿ ತಗ್ಗಿಸಿದಳು, "ನಮ್ಮನೆಯವರು ಬಾಗಿಲಲ್ಲೇ ನಿಂತಿದ್ದಾರೆ."