ಕೋವಿ ಕಲಿಸದ ಡೇಕೇರ್ ಆಂಟಿ

ಡೇಕೇರ್ ಆಂಟಿ ಏನನ್ನೇ ಅಳೆಯಲಿ, ಎಡಗಣ್ಣು ಮುಚ್ಚಿಕೊಳ್ಳುತ್ತಿದ್ದರು. ಪಾವಿನಲ್ಲಿ ಅಕ್ಕಿ ಅಳೆಯುವಾಗ, ಜ್ವರದ ಔಷಧಿಯನ್ನು ಚಮಚಕ್ಕೆ ಬಗ್ಗಿಸುವಾಗ, ಸೂಜಿಗೆ ದಾರ ಪೋಣಿಸುವಾಗ ಎಡಗಣ್ಣು ತಾನಾಗಿಯೇ ಮುಚ್ಚಿ ಬಲಗಣ್ಣು ಚೂಪಾಗಿಬಿಡುತ್ತಿತ್ತು. ಕೊಡಗಿನ ಹೆಣ್ಣುಮಗಳು! ಸಣ್ಣ ವಯಸ್ಸಿನಲ್ಲಿ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಯನ್ನು ಒಂದೇ ಗುಂಡಿಗೆ ಒಡೆದು ಅಣ್ಣಂದಿರ ಮುಖ ಸಣ್ಣದು ಮಾಡಿದ್ದರಂತೆ. ಆ ಕಥೆಯನ್ನು ನನಗೆ ಹತ್ತು ಸಲವಾದರೂ ಹೇಳಿದ್ದಾರೆ. ಪ್ರತಿ ಸಲವೂ ಮರ ಇನ್ನಷ್ಟು ಎತ್ತರವಾಗುತ್ತಿತ್ತು.

ಅಮೆರಿಕದ ಸ್ಯಾನ್ ಹೊಸೆಯ ಅಪಾರ್ಟ್‌ಮೆಂಟಿನಲ್ಲಿ ನಮ್ಮದು ಮೇಲಿನ ಮನೆ, ಅವರದು ಕೆಳಗಿನದು. ಆರು ಪುಟಾಣಿಗಳನ್ನು ಮನೆಯಲ್ಲೇ ನೋಡಿಕೊಳ್ಳುತ್ತಿದ್ದರು. ನನ್ನ ಮಗಳು ಅಂಬೆಗಾಲಿಟ್ಟಿದ್ದೂ ಅಲ್ಲಿಯೇ. ಮಗುವನ್ನು ಸೇರಿಸಲು ಯಾರೇ ಬಂದರೂ ಆಂಟಿಯ ಮೊದಲ ಪ್ರಶ್ನೆ ಅಲರ್ಜಿಯದಲ್ಲ. "ಮನೇಲಿ ಗನ್ ಇದ್ಯಾ? ಎಲ್ಲಿಟ್ಟಿದ್ದೀರಿ? ಬೀಗ ಹಾಕಿದ್ದೀರಾ?" ನಮ್ಮ ಜನಕ್ಕೆ ಇದನ್ನು ಕೇಳಿದರೆ ಬೈದಷ್ಟೇ ಅವಮಾನ. ಕ್ಯುಪರ್ಟಿನೋದಿಂದ ಬಂದಿದ್ದ ಒಬ್ಬ ತಾಯಿಯಂತೂ ಗಾಬರಿಯಾಗಿ, "ಅಯ್ಯೋ, ನಾವು ವೆಜಿಟೇರಿಯನ್ಸು ಆಂಟಿ" ಎಂದುಬಿಟ್ಟಳು. "ಊಟದ್ದಲ್ಲಮ್ಮ ನಾನು ಕೇಳಿದ್ದು, ಗನ್ನಿಂದು" ಎಂದರು ಆಂಟಿ. ನಾನು ಮೆಟ್ಟಿಲ ಮೇಲೆ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ.

ಈಗ ನನ್ನ ವಿಷಯ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಏನಾಗಬೇಕು? ನಾನು ಮಂಡ್ಯ ಕಡೆಯವನು. ಬಾಯಿ ಜೋರು, ಮೂಗಿನ ತುದಿಯಲ್ಲೇ ಕೋಪ. ಆ ವರ್ಷ ಲ್ಯಾಬಿನ ಕೆಲಸದಿಂದ ನನ್ನನ್ನು ತೆಗೆದರು. ನಾದಿನಿಯ ಬಾಣಂತನಕ್ಕೆಂದು ಹೆಂಡತಿ ಮಗಳನ್ನು ಕರೆದುಕೊಂಡು ಊರಿಗೆ ಹೋಗಿದ್ದಳು. ನಿದ್ದೆ ಬಿಟ್ಟುಹೋಯಿತು. ಮ್ಯಾನೇಜರು ಮತ್ತು ಲ್ಯಾಬಿನ ಅಷ್ಟೂ ಜನ ಸೇರಿ ನನ್ನ ವಿರುದ್ಧ ಸಂಚು ಮಾಡಿದ್ದಾರೆ, ಈಗಲೂ ಕೂತು ನಗುತ್ತಿದ್ದಾರೆ ಎಂದು ತಲೆಯೊಳಗೆ ಒಂದೇ ಸಮನೆ ಕೊರೆಯತೊಡಗಿತು. ಮೂರು ವಾರ ಹೀಗೇ ಕಳೆದ ಮೇಲೆ ಒಂದು ಬೆಳಿಗ್ಗೆ ಗನ್ ಅಂಗಡಿಗೆ ಹೋಗಿ ಫಾರಂ ತುಂಬಿದೆ. ಅಂಗಡಿಯವನು, "ಹತ್ತು ದಿನ ಬಿಟ್ಟು ಬನ್ನಿ, ಇಲ್ಲಿನ ಕಾನೂನು" ಎಂದ. ಮೈಯೆಲ್ಲ ಉರಿದುಹೋಯಿತು.

ಆ ಹತ್ತು ದಿನದಲ್ಲಿ ಗುರಿ ಹಿಡಿಯುವುದನ್ನಾದರೂ ಕಲಿಯೋಣವೆಂದು ನಾನು ಯಾರ ಬಾಗಿಲು ತಟ್ಟಿದೆ ಹೇಳಿ? ಡೇಕೇರ್ ಆಂಟಿಯದು! ಕೊಡಗಿನವರು, ಕೋವಿಗೆ ಪೂಜೆ ಮಾಡುವ ಜನ, ಖುಷಿಯಿಂದ ಕಲಿಸುತ್ತಾರೆ ಎಂದುಕೊಂಡಿದ್ದೆ. ಇಡೀ ಬೇ ಏರಿಯಾದಲ್ಲಿ ನನಗೆ ಸಿಕ್ಕ ಗುರು ಅವರು!

ಮಧ್ಯಾಹ್ನ, ಮಕ್ಕಳೆಲ್ಲ ಮಲಗಿದ್ದರು. ನಾನು ವಿಷಯ ಹೇಳಿದೆ. ಆಂಟಿ ಹಿಟ್ಟಿನ ಕೈ ತೊಳೆದುಕೊಂಡು ಬಂದು ಒಂದೇ ಮಾತು ಕೇಳಿದರು.

"ಯಾರಿಗೆ?"

"ಮನೆ ಸೇಫ್ಟಿಗೆ ಆಂಟಿ. ಮೊನ್ನೆ ಪಾರ್ಕಿಂಗಲ್ಲಿ ಕಾರು ಗ್ಲಾಸು ಒಡೆದಿದ್ರಲ್ಲ..."

"ಸುಳ್ಳು ಬೇಡ ಮೋನೇ." ಮಗನನ್ನು ಅವರ ಕಡೆ ಹಾಗೆ ಕರೆಯುತ್ತಾರೆ. "ಮೂರು ವಾರದಿಂದ ನನ್ನ ತಲೆ ಮೇಲೆ ಶತಪಥ ತಿರುಗ್ತಾ ಇದ್ದೀಯ. ಯಾರಿಗೆ ಅಂತ ಕೇಳ್ದೆ."

ಹೇಳಿಬಿಟ್ಟೆ. ಮ್ಯಾನೇಜರಿಗೆ. ಹನ್ನೆರಡೂವರೆಗೆ ಕ್ಯಾಂಟೀನಿನಲ್ಲಿ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂರುತ್ತಾರೆ, ಆಗ ಎಲ್ಲರಿಗೂ. ಆ ಮಾತು ನನ್ನ ಬಾಯಿಂದ ಬಂದದ್ದನ್ನು ನಾನೂ ಮೊದಲ ಸಲ ಕೇಳಿಸಿಕೊಂಡೆ.

ಆಂಟಿ ಚೀರಲಿಲ್ಲ. "ಕೂತ್ಕೋ, ಡಾಕ್ಟರ್ ಹತ್ರ ಹೋಗೋಣ" ಎಂದರು. ನನಗೆ ರೇಗಿತು. "ನಿಮ್ಮೂರಲ್ಲಿ ಗೋಡೆ ತುಂಬ ಕೋವಿ ನೇತಾಕ್ಕೊಂಡಿರ್ತೀರ, ನಂಗೆ ಮಾತ್ರ ಹುಚ್ಚಾ?" ಎಂದು ಬಾಯಿಗೆ ಬಂದಂತೆ ಕೂಗಾಡಿದೆ.

"ಮೆಲ್ಲಗೆ, ಮಕ್ಕಳು ಏಳ್ತವೆ" ಎಂದರು. "ನಾಟಿ ಶುರುವಾದ್ರೆ ನಮ್ಮ ಮನೆ ಕೋವಿ ಎಲ್ಲ ದೇವರ ಕೋಣೆಗೆ. ಕೈಲ್ ಮುಹೂರ್ತದ ಹಬ್ಬದ ತನಕ ಅಪ್ಪನೂ ಮುಟ್ಟೋ ಹಾಗಿಲ್ಲ. ಒಂದ್ಸಲ ಅಣ್ಣ ಗದ್ದೆ ಜಗಳದಲ್ಲಿ ಕುದೀತಾ ಇದ್ದ. ಹಬ್ಬ ಬಂತು, ಎಲ್ಲರ ಕೋವಿಗೂ ಪೂಜೆ ಆಯ್ತು. ಅವನ ಕೋವಿ ಮಾತ್ರ ಅಜ್ಜಿ ಒಳಗಿಂದ ತೆಗೀಲೇ ಇಲ್ಲ. ಬೀಗದ ಕೈ ಸೊಂಟಕ್ಕೆ ಸಿಕ್ಕಿಸ್ಕೊಂಡು, ಮೊದಲು ನಿನ್ನ ತಲೆ ತಣ್ಣಗಾಗ್ಲಿ ಅಂದ್ರು. ಅಣ್ಣನಿಗೆ ಹುಚ್ಚು ಅಂತ ಯಾರೂ ಹೇಳ್ಲಿಲ್ಲ ಮಾರಾಯ. ಕೋವಿ ಕೊಡ್ಲಿಲ್ಲ, ಅಷ್ಟೇ."

ನಾನು ಕುಸಿದು ಕೂತು ಹೋ ಎಂದು ಅತ್ತೆ. ಎದ್ದುಬಂದ ಎರಡು ಪುಟಾಣಿಗಳು ಬಾಗಿಲಲ್ಲಿ ನಿಂತು ನನ್ನನ್ನೇ ನೋಡಿದವು.

ಆಂಟಿ ಎಲ್ಲ ತಂದೆತಾಯಿಗಳಿಗೂ ಫೋನ್ ಮಾಡಿ ಮಕ್ಕಳನ್ನು ಬೇಗ ಕರೆದೊಯ್ಯಲು ಹೇಳಿದರು. ತಾವೇ ಕಾರು ಓಡಿಸಿಕೊಂಡು ನನ್ನನ್ನು ಆಸ್ಪತ್ರೆಗೆ ಕರೆದೊಯ್ದರು. ಫ್ರೀವೇ ಎಂದರೆ ಹೆದರುತ್ತಿದ್ದ ಹೆಂಗಸು! ಅಲ್ಲಿ ಮನೋವೈದ್ಯರ ಮುಂದೆ ನಾನು "ಸ್ವಲ್ಪ ಟೆನ್ಷನ್ನು" ಎಂದು ಜಾರಿಕೊಳ್ಳಲು ನೋಡಿದರೆ, ಆಂಟಿ ಗನ್ನು, ಕ್ಯಾಂಟೀನು, ಹನ್ನೆರಡೂವರೆ, ಒಂದನ್ನೂ ಬಿಡದೆ ಹೇಳಿಬಿಟ್ಟರು. ನನ್ನನ್ನು ಅಡ್ಮಿಟ್ ಮಾಡಿಕೊಂಡರು. ಡಾಕ್ಟರು ಕಾಗದ ಬರೆದ ಮೇಲೆ ಅಂಗಡಿಯವನು ನನ್ನ ಕೈಗೆ ಗನ್ ಕೊಡುವಂತೆಯೇ ಇರಲಿಲ್ಲ. ಹತ್ತನೆಯ ದಿನ ನಾನು ಆಸ್ಪತ್ರೆಯ ಮಂಚದಲ್ಲಿ, ತಿಂಗಳಿಂದ ಕಾಣದ ನಿದ್ದೆಯಲ್ಲಿದ್ದೆ.

ಅವರ ಮೇಲೆ ನನಗೆ ಎಷ್ಟು ಸಿಟ್ಟಿತ್ತೆಂದರೆ! ಹೆಂಡತಿಗೂ ಫೋನ್ ಮಾಡಿ ಹೇಳಿದ್ದರು. ನೋಡಲು ಬಂದ ಆಂಟಿಯನ್ನು, "ನಂಬಿದ್ದಕ್ಕೆ ಮಾನ ಕಳೆದ್ರಿ" ಎಂದು ಬೈದೆ.

"ಹೌದು, ಕಳೆದೆ. ಬೈ. ಬೈಯೋಕೆ ನೀನಿದ್ದೀಯಲ್ಲ" ಎಂದು ಕಿತ್ತಳೆ ಸುಲಿಯುತ್ತ ಕೂತರು.

ಆಮೇಲೆ ಹೆಂಡತಿ ಮಗಳು ಬಂದರು. ಔಷಧಿ ಹಿಡಿಯಿತು. ಬೇರೆ ಕೆಲಸವೂ ಸಿಕ್ಕಿತು. ಡಾಕ್ಟರ ಭೇಟಿ ಯಾವತ್ತಾದರೂ ತಪ್ಪಿಸಿಕೊಂಡೆನೋ, ಮೆಟ್ಟಿಲ ಬುಡದಿಂದಲೇ ಕೂಗು ಬರುತ್ತಿತ್ತು: "ಏನು ಮೋನೇ, ತಲೆ ದೊಡ್ಡದಾಯ್ತಾ?" ಇಡೀ ಅಪಾರ್ಟ್‌ಮೆಂಟಿಗೆ ಕೇಳಿಸುತ್ತಿತ್ತು. ನಾನು ಆಸ್ಪತ್ರೆಗೆ ಓಡುತ್ತಿದ್ದೆ.

ಕಳೆದ ಚಳಿಗಾಲದಲ್ಲಿ ಆಂಟಿ ಹೋಗಿಬಿಟ್ಟರು. ಹೃದಯ ನಿಂತುಹೋಯಿತು, ಒಂದೇ ದಿನದಲ್ಲಿ. ಅವರ ಕೈಯಲ್ಲಿ ಬೆಳೆದು ಈಗ ಹೈಸ್ಕೂಲು ಸೇರಿರುವ ಮಕ್ಕಳೆಲ್ಲ ಬಂದು ಬಿಕ್ಕಿಬಿಕ್ಕಿ ಅತ್ತರು. ನಾನು ಅವರಿಗಿಂತ ಜೋರಾಗಿ ಅತ್ತೆ.

ನಾಲ್ಕು ತಿಂಗಳ ಮೇಲೆ, ಮೊನ್ನೆ, ಗ್ರೋಸರಿ ಅಂಗಡಿಯಲ್ಲಿ ಯಾರೋ ಹಿಂದಿನಿಂದ ನನ್ನ ಹೆಸರು ಹಿಡಿದು ಕರೆದರು. ಅದೇ ಮ್ಯಾನೇಜರು! ತಲೆ ಪೂರ್ತಿ ನರೆತಿತ್ತು, ಮೊಮ್ಮಗಳನ್ನು ಗಾಡಿಯಲ್ಲಿ ಕೂರಿಸಿಕೊಂಡಿದ್ದ. ಅವನಿಗೆ ಏನೂ ಗೊತ್ತಿಲ್ಲ. ಮಂಡಿ ಆಪರೇಷನ್ನು ಕೆಟ್ಟುಹೋಯಿತು, ಮೆಟ್ಟಿಲು ಹತ್ತಲಾಗುವುದಿಲ್ಲ ಎಂದು ಗೊಣಗಲು ಶುರುಮಾಡಿದ. ನನಗೆ ಎಷ್ಟು ಖುಷಿಯಾಯಿತೆಂದರೆ, ಅವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡುಬಿಟ್ಟೆ. ಗಾಡಿಯಲ್ಲಿದ್ದ ಐಸ್‌ಕ್ರೀಮು ಕರಗುವವರೆಗೂ ನಿಂತು ಆ ಮಂಡಿಯ ಕಥೆಯನ್ನೆಲ್ಲ ಕೇಳಿದೆ. ಅವನು ಹೊರಟಾಗ, ಇನ್ನೊಂದು ಮಂಡಿ ಹೇಗಿದೆ ಎಂದು ಕೇಳಿದೆ.