ಭಾನುವಾರದ ಸ್ಕೋರು

ಅಮೆರಿಕದ ಈ ಪ್ಲೇನೋ ಊರಿನ ಚಳಿಗೆ ಕೊಬ್ಬರಿ ಎಣ್ಣೆ ಬಾಟಲಿಯೊಳಗೇ ಗಟ್ಟಿಯಾಗಿ ಕೂತುಬಿಡುತ್ತದೆ. ಹೋದ ವಾರ ತಲೆಗೆ ಹಚ್ಚಿಕೊಳ್ಳಲೆಂದು ಬಾಟಲಿಯನ್ನು ಬಿಸಿನೀರಿನಲ್ಲಿ ಇಳಿಬಿಟ್ಟು ಕರಗಿಸಿದೆ. ಮುಚ್ಚಳ ತೆಗೆಯುವಾಗ ಒಂದಿಷ್ಟು ಚೆಲ್ಲಿ, ಪಕ್ಕದಲ್ಲಿದ್ದ ನನ್ನ ಚರ್ಮದ ಹ್ಯಾಂಡ್‌ಬ್ಯಾಗಿನ ಮೇಲೆ ಬಿತ್ತು. ಒರೆಸುತ್ತಿದ್ದಾಗ ಚರ್ಮವೂ ಕೊಬ್ಬರಿ ಎಣ್ಣೆಯೂ ಕೂಡಿದ ವಾಸನೆ ಮೂಗಿಗೆ ಹತ್ತಿತು. ನಾವೆಲ್ಲ ಬೇಸ್‌ಬಾಲ್ ಅಂಕಲ್ ಎನ್ನುತ್ತಿದ್ದವರು ತಮ್ಮ ಕಾರಿನ ಡಿಕ್ಕಿ ತೆಗೆದಾಗ ಬರುತ್ತಿದ್ದ ವಾಸನೆ ಅದು.

ಆ ಡಿಕ್ಕಿಯಲ್ಲಿ ಒಂದು ದೊಡ್ಡ ಚೀಲದ ತುಂಬ ಬೇಸ್‌ಬಾಲ್ ಗ್ಲವ್ಸ್ ಇರುತ್ತಿದ್ದವು. ಕೆಲವು ಅವರ ಮಗ ಚಿಕ್ಕವನಿದ್ದಾಗಿನವು, ಉಳಿದವು ಯಾರು ಯಾರದೋ ಮನೆಯ ಹಳೇ ಸಾಮಾನಿನ ಗರಾಜ್ ಸೇಲ್‌ನಿಂದ ಆರಿಸಿ ತಂದವು. ಚರ್ಮ ಮೆತ್ತಗಿರಲೆಂದು ಇಲ್ಲಿನವರು ಹಚ್ಚುವ ಎಣ್ಣೆಯೇ ಬೇರೆ, ಅಂಗಡಿಯಲ್ಲಿ ಸಿಗುತ್ತದೆ. ಅಂಕಲ್ ಮಾತ್ರ ಕೊಬ್ಬರಿ ಎಣ್ಣೆಯನ್ನೇ ತಿಕ್ಕುತ್ತಿದ್ದರು. “ನನ್ನ ತಲಿಗಿಂತ ಅವಕ್ಕ ಹೆಚ್ಚು ಎಣ್ಣಿ ಖರ್ಚಾಗತದ ನೋಡವಾ,” ಎಂದು ಆಂಟಿ ನನ್ನ ಹತ್ತಿರ ದೂರುತ್ತಿದ್ದರು.

ಅಂಕಲ್ ಧಾರವಾಡದವರು. ಹ್ಯೂಸ್ಟನ್‌ನಲ್ಲಿ ಇನ್ನೊಂದು ಕನ್ನಡದ ಮನೆ ಹುಡುಕಬೇಕೆಂದರೆ ಟೆಲಿಫೋನ್ ಡೈರೆಕ್ಟರಿ ಹಿಡಿದು ಕೂರಬೇಕಾಗಿದ್ದ ಕಾಲದಲ್ಲಿ ಅಲ್ಲಿಗೆ ಬಂದಿಳಿದವರು. ಕಾಲೇಜಿನಲ್ಲಿ ಕ್ರಿಕೆಟ್ ಆಡುತ್ತಿದ್ದರಂತೆ. ಇಲ್ಲಿಗೆ ಬಂದ ಮೇಲೆ ಕ್ರಿಕೆಟ್ಟಿನ ಸುದ್ದಿ ಊರಿನ ಚಟ್ನಿಪುಡಿ ಸುತ್ತಿಕೊಂಡು ಬಂದ ಹಳೆಯ ಪೇಪರಿನಲ್ಲಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಆಫೀಸಿನಲ್ಲಿ ಮಧ್ಯಾಹ್ನ ಊಟಕ್ಕೆ ಕೂತರೆ ಎಲ್ಲರ ಬಾಯಲ್ಲೂ ಬೇಸ್‌ಬಾಲ್. ಸುಮ್ಮನೆ ತಲೆ ಆಡಿಸಿ ಸಾಕಾಗಿ, ಕಾರಿನ ರೇಡಿಯೋದಲ್ಲಿ ಕಾಮೆಂಟರಿ ಕೇಳಿ ಕೇಳಿ ಆಟ ಕಲಿತರು. ಆಮೇಲೆ ಅದೇ ಚಟವಾಯಿತು.

ಮಗ ಹುಟ್ಟಿ ಬೆಳೆದದ್ದು ಹ್ಯೂಸ್ಟನ್‌ನಲ್ಲೇ. ಅವನಿಗೆ ಕನ್ನಡ ತಿಳಿಯುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅಂಕಲ್ ಅವರ ಇಂಗ್ಲಿಷ್ ಆಫೀಸಿನ ಇಂಗ್ಲಿಷ್, ಮಗನ ಮನಸ್ಸಿನಲ್ಲಿ ಏನಿದೆ ಎಂದು ಕೇಳುವಷ್ಟು ಅದು ಸಡಿಲವಾಗಿರಲಿಲ್ಲ. ಆದರೆ ಬೇಸ್‌ಬಾಲ್ ಬಗ್ಗೆ ಇಬ್ಬರೂ ಗಂಟೆಗಟ್ಟಲೆ ಮಾತಾಡುತ್ತಿದ್ದರಂತೆ. “ಅದೊಂದು ಇರಲಿಲ್ಲಂದ್ರ ನಾವಿಬ್ಬರೂ ಒಂದೇ ಮನಿಯೊಳಗ ಮೂಕರಾಗತಿದ್ವಿ,” ಎಂದು ಒಮ್ಮೆ ಹೇಳಿದ್ದರು. ಹೇಳುವಾಗ ನಗುತ್ತಿದ್ದರು ಎಂದು ನೆನಪು... ಇಲ್ಲ, ನಗುತ್ತಿರಲಿಲ್ಲವೇನೋ.

ನಾನು ಅವರನ್ನು ಮೊದಲು ನೋಡಿದ್ದು ಪಕ್ಕದ ರಿಚರ್ಡ್‌ಸನ್ ಊರಿನ ಒಂದು ಪಾರ್ಕಿನಲ್ಲಿ, ಕನ್ನಡದವರ ವಸಂತದ ಪಿಕ್‌ನಿಕ್‌ನಲ್ಲಿ. ಅಷ್ಟರಲ್ಲಿ ಅವರು ಹ್ಯೂಸ್ಟನ್ ಬಿಟ್ಟು ಪ್ಲೇನೋಗೆ ಶಿಫ್ಟ್ ಆಗಿದ್ದರು. ಮೈಸೂರಿನಲ್ಲಿ ಅಣ್ಣಂದಿರ ಟೀಮಿಗೆ ಸ್ಕೋರ್ ಬರೆದು ಬೆಳೆದ ನನಗೆ ಇಲ್ಲಿಯೂ ಕ್ರಿಕೆಟ್ ಸ್ಕೋರ್ ಬರೆಯುವ ಕೆಲಸವೇ ಗಂಟು ಬಿದ್ದಿತ್ತು. ಪಾರ್ಕಿನ ಒಂದು ಕಡೆ ನಮ್ಮ ಗಂಡಸರ ಕ್ರಿಕೆಟ್, ಇನ್ನೊಂದು ಮೂಲೆಯಲ್ಲಿ ಅಂಕಲ್ ನಡೆಸುವ ಮಕ್ಕಳ ಬೇಸ್‌ಬಾಲ್. ಪ್ರತಿ ವರ್ಷ ಅವರೇ ಅಂಪೈರ್, ಅವರೇ ಕೋಚ್, ಮಕ್ಕಳಿಗೆ ಕಿತ್ತಳೆ ಸುಲಿದು ಕೊಡುವವರೂ ಅವರೇ.

ಮೊದಮೊದಲು ಪಾರ್ಕೆಲ್ಲ ಬೇಸ್‌ಬಾಲ್‌ನದೇ ಆಗಿತ್ತೆಂದು ಹಳಬರು ಹೇಳುತ್ತಿದ್ದರು. ನಾನು ನೋಡುವ ಹೊತ್ತಿಗೆ ಅದು ಮೂಲೆ ಸೇರಿತ್ತು. ವರ್ಷದಿಂದ ವರ್ಷಕ್ಕೆ ಕ್ರಿಕೆಟ್ಟಿಗೆ ಮ್ಯಾಟಿಂಗ್ ಬಂತು, ನೆಟ್ಸ್ ಬಂತು, ಮಕ್ಕಳಿಗೆ ಬಿಳಿ ಪ್ಯಾಂಟು ತೊಡಿಸಿ ಕಲಿಸುವ ಅಕಾಡೆಮಿಗಳು ಬಂದವು. ಕ್ರಿಕೆಟ್ ಬೇಡವೆಂದ ಮಕ್ಕಳನ್ನು ಸಾಕರ್, ಅಂದರೆ ನಮ್ಮೂರಿನ ಫುಟ್‌ಬಾಲ್, ಎಳೆದುಕೊಂಡಿತು. ನನ್ನ ಆಫೀಸಿನ ಅಮೆರಿಕದವರೂ ಸೋಮವಾರ ಬೆಳಿಗ್ಗೆ ಮಾತಾಡುತ್ತಿದ್ದುದು ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಇಲ್ಲಿನ ಫುಟ್‌ಬಾಲ್ ಬಗ್ಗೆಯೇ. ಬೇಸ್‌ಬಾಲ್ ನೋಡುತ್ತೀರಾ ಎಂದು ಒಬ್ಬನನ್ನು ಕೇಳಿದ್ದಕ್ಕೆ, ತಾತನ ಜೊತೆ ನೋಡುತ್ತಿದ್ದೆ, ಬಹಳ ಉದ್ದದ ಆಟ ಎಂದ. ಅಂಕಲ್ ಮಾತ್ರ ಪಿಕ್‌ನಿಕ್ ದಿನ ಕೈಯಲ್ಲಿ ಮೈಕ್ ಹಿಡಿದು, “ಬರ್ರಿ, ಹುಡುಗರನ್ನ ಕಳಸ್ರಿ, ಇನ್ನಾ ಇಬ್ಬರು ಬೇಕು,” ಎಂದು ಕರೆಯುತ್ತಾ ಇರುತ್ತಿದ್ದರು. ಬಿಸಿಬೇಳೆಬಾತಿನ ಸಾಲಿನಲ್ಲಿ ನಿಂತವರು ಕೇಳಿಸದವರಂತೆ ಮುಂದೆ ಸರಿಯುತ್ತಿದ್ದರು.

ಒಂದು ವರ್ಷ ಅಂಕಲ್ ಪಿಕ್‌ನಿಕ್‌ಗೆ ವಾರ ಮೊದಲೇ ನನಗೆ ಫೋನ್ ಮಾಡಿದರು. ಆಸ್ಟಿನ್‌ನಿಂದ ಮೊಮ್ಮಗಳು ಬರುತ್ತಾಳೆ, ಬೇಸ್‌ಬಾಲ್ ಆಡಲು ಒಪ್ಪಿದ್ದಾಳೆ ಎಂದರು. ಮಗ ಅಲ್ಲಿನ ಒಂದು ಆಫೀಸಿನಲ್ಲಿ ಕೆಲಸದಲ್ಲಿದ್ದ, ವರ್ಷಕ್ಕೆ ಒಂದೋ ಎರಡೋ ಬಾರಿ ಬಂದರೆ ಹೆಚ್ಚು. ಆ ಹುಡುಗಿ ಫೋನಿನಲ್ಲಿ ಅಜ್ಜನ ಜೊತೆ “ಹಾಯ್ ಅಜ್ಜ, ಬಾಯ್ ಅಜ್ಜ” ಬಿಟ್ಟರೆ ಏನೂ ಆಡುತ್ತಿರಲಿಲ್ಲ. ಮಗನ ಜೊತೆ ಮಾತು ಹುಟ್ಟಿದ್ದು ಹೇಗೋ, ಮೊಮ್ಮಗಳ ಜೊತೆಗೂ ಹಾಗೆಯೇ ಹುಟ್ಟಬಹುದು ಎಂಬ ಆಸೆ ಅವರಿಗೆ. “ಒಂದ್ಸಲ ಚೊಲೋತ್ನಾಗಿ ಹೊಡದಳಂದ್ರ ಆಕಿಗೆ ರುಚಿ ಹತ್ತತದವಾ, ಆಮ್ಯಾಲೆ ನಾನು, ಆಕಿ...” ಎಂದು ಅಷ್ಟಕ್ಕೇ ನಿಲ್ಲಿಸಿದರು.

ಹುಡುಗಿ ಚೊಲೋತ್ನಾಗಿಯೇ ಹೊಡೆದಳು. ಆಸ್ಟಿನ್‌ನ ಕ್ರಿಕೆಟ್ ಅಕಾಡೆಮಿಯಲ್ಲಿ ಕಲಿತಿದ್ದವಳು, ಕೈ ಪಳಗಿತ್ತು. ಚೆಂಡು ನೆಲದ ಮೇಲೆ ಉರುಳುತ್ತಾ ದೂರ ಹೋಯಿತು. ಬೇಸ್‌ಬಾಲ್‌ನಲ್ಲಿ ಹೊಡೆದ ಮೇಲೆ ಬ್ಯಾಟನ್ನು ಅಲ್ಲೇ ಎಸೆದು ಓಡಬೇಕು, ಮುಂದಿನ ಬೇಸ್ ಎನ್ನುವ ಬಿಳಿಯ ದಿಂಬನ್ನು ಕಾಲಲ್ಲೋ ಕೈಯಲ್ಲೋ ಮುಟ್ಟಬೇಕು, ಅದಕ್ಕೆ ಮೊದಲು ಚೆಂಡು ಹಿಡಿದವರು ಬೇಸ್ ತುಳಿದರೆ ಔಟ್. ಅವಳು ಬ್ಯಾಟನ್ನು ಹಿಡಿದೇ ಓಡಿದಳು. ಬೇಸ್ ಹತ್ತಿರ ಬರುತ್ತಿದ್ದಂತೆ ಸೊಂಟ ಬಗ್ಗಿಸಿ, ಬ್ಯಾಟ್ ಚಾಚಿ, ತುದಿಯನ್ನು ದಿಂಬಿಗೆ ತಾಗಿಸಿ, ಗಕ್ಕನೆ ತಿರುಗಿ ಎರಡನೆಯ ರನ್ನಿಗೆಂದು ಹೊರಟಲ್ಲಿಗೇ ವಾಪಸ್ ಓಡತೊಡಗಿದಳು. ಅಷ್ಟರಲ್ಲಿ ಚೆಂಡು ಬಂತು. ಅದನ್ನು ಹಿಡಿದ ಎದುರು ತಂಡದ ಹುಡುಗಿ ಬೇಸ್ ಮೇಲೆ ಕಾಲಿಟ್ಟಳು.

ಸುತ್ತ ನಿಂತಿದ್ದ ಅಪ್ಪಂದಿರೆಲ್ಲ ಒಂದೇ ಸಲ “ನಾಟೌಟ್, ಬ್ಯಾಟ್ ಒಳಗಿದೆ!” ಎಂದು ಕೂಗಿದರು. ನಾನೂ ಕೂಗಿದೆ. ನಮ್ಮ ಯಾರ ಕಣ್ಣಿಗೂ ಅದರಲ್ಲಿ ತಪ್ಪೇ ಕಾಣಿಸಿರಲಿಲ್ಲ. ಅಂಕಲ್ ಮೊಮ್ಮಗಳನ್ನು ನೋಡಿದರು. ಬಿಟ್ಟುಬಿಡಿ ಅಂಕಲ್, ಮಗು ಎಂದು ಯಾರೋ ಅಂದರು. ಬಿಡಬಹುದಿತ್ತು. ಅವರು ಮುಷ್ಟಿ ಎತ್ತಿ “ಔಟ್” ಎಂದರು. ಎಲ್ಲರೂ ಗೊಳ್ಳೆಂದು ನಕ್ಕರು. ಅವಳು ಬ್ಯಾಟನ್ನು ಹುಲ್ಲಿನ ಮೇಲೆ ಮೆಲ್ಲಗೆ ಮಲಗಿಸಿ, ಅಪ್ಪನ ಕಾರಿನಲ್ಲಿ ಹೋಗಿ ಕೂತಳು. ಅಂಕಲ್ ಕಿತ್ತಳೆ ಹಿಡಿದು ಕಾರಿನ ಹತ್ತಿರ ಹೋದರು, ಗಾಜು ಕೆಳಗಿಳಿಯಲಿಲ್ಲ.

ಯಾಕೆ ಔಟ್ ಕೊಟ್ಟಿರಿ ಎಂದು ನಾನು ಕೇಳಿದ್ದಕ್ಕೆ, “ಔಟ್ ಇತ್ತಲ್ಲವಾ,” ಎಂದರು ಅಷ್ಟೇ. ಗ್ಲವ್ಸನ್ನು ಒಂದೊಂದಾಗಿ ಚೀಲಕ್ಕೆ ಹಾಕುತ್ತಿದ್ದರು. ಮುಂದಿನ ವರ್ಷ ಆ ಮೂಲೆಯಲ್ಲಿ ಬೇಸ್‌ಬಾಲ್ ನಡೆಯಲಿಲ್ಲ. ಯಾರೂ ನಿಲ್ಲಿಸಲಿಲ್ಲ, ಅಂಕಲ್ ಮೈಕ್ ಹಿಡಿಯಲಿಲ್ಲ, ನಮಗದು ನೆನಪಾಗಲೂ ಇಲ್ಲ.

ಅದಾಗಿ ಸ್ವಲ್ಪ ದಿನಕ್ಕೆ ಒಂದು ಶನಿವಾರ ಬೆಳಿಗ್ಗೆ ನಮ್ಮ ಮನೆ ಬಾಗಿಲಲ್ಲಿ ಅಂಕಲ್. ಭಾರತದ ಸಂಜೆಯ ಮ್ಯಾಚು ನಮಗೆ ಬೆಳಗಿನ ಕಾಫಿಗೆ ಬರುತ್ತದೆ, ಟೀವಿ ಓಡುತ್ತಿತ್ತು. “ನನಗ ಈಗಿನ ಕ್ರಿಕೆಟ್ ಒಂದೀಟು ಹೇಳಿಕೊಡವಾ,” ಎಂದರು. ತಮಾಷೆ ಎಂದುಕೊಂಡೆ. ತಮಾಷೆಯಾಗಿರಲಿಲ್ಲ. ಅವರು ಬಿಟ್ಟು ಬಂದದ್ದು ಐದು ದಿನದ ಆಟ, ಬಣ್ಣದ ಬಟ್ಟೆ ಹಾಕಿಕೊಂಡು ಮೂರು ತಾಸಿನಲ್ಲಿ ಮುಗಿಸುವ ಇದನ್ನು ಕಂಡು ಅವರಿಗೆ ತಲೆಬುಡ ತಿಳಿಯುತ್ತಿರಲಿಲ್ಲ. ಆದರೂ ಪ್ರತಿ ಶನಿವಾರ ಬಂದರು. ಪವರ್‌ಪ್ಲೇ ಎಂದರೇನು, ಆ ಹುಡುಗ ಯಾಕೆ ಹಿಮ್ಮುಖವಾಗಿ ಹೊಡೆದ, ಎಲ್ಲವನ್ನೂ ಕೇಳಿ ತಿಳಿದುಕೊಂಡರು. ನಾನು ದೋಸೆ ಹಾಕುತ್ತಾ ಹೇಳುತ್ತಿದ್ದೆ. ಬೇಸ್‌ಬಾಲ್‌ನ ಹೆಸರನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆಗ ನನಗೆ ಅವರ ಮೇಲೆ ಬಹಳ ಪ್ರೀತಿ ಬಂದಿತ್ತು.

ಪಾಠ ಮುಗಿಸಿಕೊಂಡು ಅಂಕಲ್, ಆಂಟಿ ಆಸ್ಟಿನ್‌ಗೆ ಹೋಗಿ ಬಂದರು. ಮರುದಿನವೇ ಫೋನ್ ಬಂತು.

“ಆಕಿ ಕ್ರಿಕೆಟ್ ಬಿಟ್ಟಾಳಂತವಾ.”

“ಅಯ್ಯೋ, ಯಾಕೆ ಅಂಕಲ್?”

“ಯಾರಿಗ್ಗೊತ್ತು. ಈಗ ವಾಲಿಬಾಲ್ ಆಡತಾಳಂತ.” ಆಮೇಲೆ, “ನಿನಗ ವಾಲಿಬಾಲ್ ಬರತದೇನು?” ಎಂದರು.

ನನಗೆ ಬರುತ್ತಿರಲಿಲ್ಲ. ಅವರು ತಾವೇ ಕಲಿತರು. ಕಂಪ್ಯೂಟರಿನಲ್ಲಿ ಹುಡುಗಿಯರ ಕಾಲೇಜು ಮ್ಯಾಚುಗಳನ್ನು ನೋಡುತ್ತಾರೆ, ಮಧ್ಯೆ ಮಾತಾಡಿಸಿದರೆ ರೇಗುತ್ತಾರೆ ಎಂದು ಆಂಟಿ ಹೇಳುತ್ತಿದ್ದರು. ಭಾನುವಾರ ಬೆಳಿಗ್ಗೆ ಮೊಮ್ಮಗಳಿಗೆ ಫೋನ್ ಮಾಡಿ, ಶನಿವಾರದ ಆಟ ಏನಾಯಿತು, ಸ್ಕೋರ್ ಎಷ್ಟು, ಯಾರು ಸರ್ವ್ ಮಾಡಿದರು ಎಂದು ಕೇಳುತ್ತಿದ್ದರಂತೆ. ಅವಳೂ ಹೇಳುತ್ತಿದ್ದಳಂತೆ. ಅಂಗಡಿಯಲ್ಲಿ ಸಿಕ್ಕಾಗ ಅಂಕಲ್ ಇದೆಲ್ಲವನ್ನೂ ನನಗೆ ಒಪ್ಪಿಸುತ್ತಿದ್ದರು, ಕೈಯಲ್ಲಿ ಮೆಂತ್ಯದ ಸೊಪ್ಪಿನ ಕಟ್ಟು ಹಿಡಿದೇ. “ಮಾತಾಡತಾಳವಾ ಈಗ. ಭಾಳ ಮಾತಾಡತಾಳ,” ಎನ್ನುತ್ತಿದ್ದರು. ಹೀಗೆ ಕೆಲವು ವರ್ಷ ನಡೆಯಿತು... ಎಷ್ಟೆಂದು ನಾನು ಗಮನಿಸಲಿಲ್ಲ. ಕೆಲಸ ಬದಲಾಯಿತು, ನಾನೂ ಕ್ರಿಕೆಟ್ ಸ್ಕೋರ್ ಬರೆಯುವುದನ್ನು ಬಿಟ್ಟೆ.

ಅಂಕಲ್ ಹೋದರೆಂಬ ಮೆಸೇಜ್ ಬಂದಾಗ ನಾನು ಆಫೀಸ್ ಮೀಟಿಂಗ್‌ನಲ್ಲಿದ್ದೆ. ಓದಿದೆ. ನನ್ನ ಸರದಿ ಬಂದಾಗ ಮ್ಯೂಟ್ ತೆಗೆದು ಹೇಳಬೇಕಾದ್ದನ್ನು ಹೇಳಿ ಮತ್ತೆ ಮ್ಯೂಟ್ ಮಾಡಿದೆ. ಅಳು ಬರಬಹುದೆಂದು ಕಾದೆ, ಬರಲಿಲ್ಲ. ಸಂಜೆ ಅವರ ಮನೆಗೆ ಡ್ರೈವ್ ಮಾಡಿಕೊಂಡು ಹೋಗುವಾಗಲೂ ಏನೂ ಅನಿಸಲಿಲ್ಲ, ಟ್ರಾಫಿಕ್ ಹೆಚ್ಚಿದೆ ಎನ್ನುವುದನ್ನು ಬಿಟ್ಟು.

ಆಂಟಿಯ ಸುತ್ತ ಜನ ಕೂತಿದ್ದರು. ಟೀ ತರಲೆಂದು ಅಡುಗೆಮನೆಗೆ ಹೋದರೆ ಅಲ್ಲಿ ಮೊಮ್ಮಗಳು ಒಬ್ಬಳೇ ನಿಂತಿದ್ದಳು. ನನಗಿಂತ ಎತ್ತರ ಬೆಳೆದಿದ್ದಳು. ಏನಾದರೂ ಕೇಳಬೇಕಲ್ಲ ಎಂದು, ವಾಲಿಬಾಲ್ ಹೇಗೆ ನಡೆದಿದೆ ಎಂದೆ. ಅವಳು ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ ಇಂಗ್ಲಿಷಿನಲ್ಲಿ ಹೇಳಿದಳು. ವಾಲಿಬಾಲ್ ಬಿಟ್ಟು ಬಹಳ ದಿನವಾಯಿತಂತೆ. ಹೈಸ್ಕೂಲಿಗೆ ಸೇರಿದ ಮೇಲೆ ಟೀಮಿಗೆ ಆರಿಸಲಿಲ್ಲ, ಆಮೇಲೆ ಅವಳೂ ಪ್ರಯತ್ನಿಸಲಿಲ್ಲ.

“ಮತ್ತೆ ಅಜ್ಜಂಗೆ?”

ಅಜ್ಜನಿಗೆ ಹೇಳಿರಲಿಲ್ಲವಂತೆ. ಭಾನುವಾರ ಫೋನ್ ಬಂದರೆ ಒಂದು ಮ್ಯಾಚು ಕಟ್ಟಿ ಹೇಳುತ್ತಿದ್ದಳಂತೆ. ನಿಜವೆನಿಸಲೆಂದು ನಡುನಡುವೆ ಸೋಲುತ್ತಿದ್ದಳಂತೆ. ಅಜ್ಜ ಸೂಕ್ಷ್ಮವಾಗಿ ಪ್ರಶ್ನೆ ಕೇಳುತ್ತಿದ್ದರು, ಉತ್ತರ ತಪ್ಪಬಾರದೆಂದು ಶನಿವಾರ ಕೂತು ಯಾರ ಯಾರದೋ ಆಟ ನೋಡಿ ಇಟ್ಟುಕೊಳ್ಳುತ್ತಿದ್ದೆ ಎಂದಳು. ಕೊನೆಗೆ ಕನ್ನಡದಲ್ಲಿ, “ಅಜ್ಜಂಗೆ ಗೊತ್ತಿತ್ತಾ ಆಂಟಿ?” ಎಂದು ಕೇಳಿದಳು. ಅವಳು ಕನ್ನಡದಲ್ಲಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಟೀ ಕುದಿದು ಉಕ್ಕುವುದರಲ್ಲಿತ್ತು, ಇಳಿಸಿದೆ.

ಅಂಕಲ್ ಹೋಗಿ ವರ್ಷವಾಗುತ್ತಾ ಬಂತು. ಆಂಟಿ ಈಗ ಆಸ್ಟಿನ್‌ನಲ್ಲಿ ಮಗನ ಮನೆಯಲ್ಲಿದ್ದಾರೆ. ಮೊನ್ನೆ ಫೋನಿನಲ್ಲಿ ಊಟ, ಮಂಡಿನೋವು, ಚಳಿ ಎಲ್ಲ ಮಾತಾಡಿ ಮುಗಿದ ಮೇಲೆ, ಮೊಮ್ಮಗಳು ಈಗ ಏನು ಆಡುತ್ತಾಳೆ ಎಂದು ಕೇಳಿದೆ. ಆಂಟಿಗೆ ಗೊತ್ತಿರಲಿಲ್ಲ. ಮಗನಿಗೂ ಗೊತ್ತಿರಲಿಕ್ಕಿಲ್ಲ ಎಂದರು. ಅದನ್ನೆಲ್ಲ ಕೇಳುತ್ತಿದ್ದವರು ಅಂಕಲ್ ಒಬ್ಬರೇ.