ಶುಕ್ರವಾರ ಹೊರಡದ ದೇವಿ

ಗೆಳೆಯರೇ, ಇವತ್ತು ಖಾಲಿ ಪಲ್ಲಕ್ಕಿ ಹೊತ್ತುಕೊಂಡು ಮರಳಿದ ನಾಲ್ವರಲ್ಲಿ ನಾನೂ ಒಬ್ಬ.

ಕೃಷ್ಣೆಯ ದಂಡೆಯಲ್ಲಿರುವ ನಮ್ಮೂರ ಗುಡಿಯ ಕಟ್ಟಿಗೆಯ ದೇವಿಗೆ ಪ್ರತಿ ಹಬ್ಬಕ್ಕೂ ಹೊಸ ಬಣ್ಣ ಹಚ್ಚಬೇಕು. ಹಚ್ಚಿ ಮುಗಿಯುವವರೆಗೆ ಚಿತ್ರಗಾರರ ಮನೆಯೇ ಅವಳಿಗೆ ತವರು. ಈ ಸಲ ದೂರದ ಯುದ್ಧದ ದೆಸೆಯಿಂದ ಸರಕು ನಿಂತು, ರಾಯಚೂರಿನ ಬಜಾರಿನಲ್ಲಿ ಬಣ್ಣವೇ ಸಿಗದೆ ಕೆಲಸ ತಡವಾಗಿ, ಮುಗಿದದ್ದು ಇವತ್ತು ಮುಂಜಾನೆ. ಪೂಜಾರಿಯ ಜೊತೆ ನಾವು ಕರೆತರಲು ಹೋದರೆ ಚಿತ್ರಗಾರರ ನಿಂಗವ್ವ ಬಾಗಿಲಿಗೆ ಅಡ್ಡ ಕೂತಿದ್ದಳು.

“ಇವತ್ತು ಶುಕ್ರವಾರ ಅದರೀ. ತವರಮನಿಯಿಂದ ಮಗಳನ್ನ ಕಳಸಂಗಿಲ್ಲ.”

“ದೇವರಿಗೆಲ್ಲಿ ವಾರ, ಯವ್ವಾ? ಸಂಜಿಗೆ ಪೂಜಿ ಅದ. ಊರೆಲ್ಲ ಕಾಯಾಕತ್ತಾದ,” ಎಂದರು ಪೂಜಾರಿ.

“ಹೋದ ವಾರ ಅಳಿಯ ಬಂಡಿ ಕಟ್ಟಿಕೊಂಡು ಬಂದಾಗ, ಶುಕ್ರವಾರ ಅಂತ ನಿಮ್ಮ ಮಗಳನ್ನ ನೀವೇ ನಿಲ್ಲಿಸಿಕೊಂಡ್ರಿ. ನನಗ ಇರಾಕಿ ಇಕಿ ಒಬ್ಬಾಕಿ.”

ಪೂಜಾರಿ ಬಾಗಿಲಾಚೆ ಇಣುಕಿದರು. ಒಳಗೆ ದೇವಿ ನಿಂಗವ್ವನ ಹಳೆಯ ಇಳಕಲ್ ಸೀರೆ ಉಟ್ಟು, ಹೊಸದಾಗಿ ಬರೆದ ಕಣ್ಣು ಬಿಟ್ಟು ಕೂತಿದ್ದಳು. ಗುಡಿ ಸೇರಿದ ಮೇಲೆ ಅವಳನ್ನು ನಿಂಗವ್ವ ಮುಟ್ಟುವಂತಿಲ್ಲ, ದೂರದಿಂದಲೇ ಕೈಮುಗಿಯಬೇಕು.

“ನಾಳಿ ಮುಂಜಾನಿ ಬರ್ರಿ,” ಎಂದಳು ನಿಂಗವ್ವ, ದನಿ ತಗ್ಗಿಸಿ. “ಉಡಿ ತುಂಬಿ ಕಳಸ್ತೀನಿ.”

ಪೂಜಾರಿ ತಲೆಯಾಡಿಸಿದರು. ಪೂಜೆ ನಾಳೆಗೆ ಹೋಯಿತು. ಊರಿನವರು ಕೇಳಿದರೆ ಏನು ಹೇಳುವುದೆಂದು ದಾರಿಯುದ್ದಕ್ಕೂ ಚಿಂತಿಸಿದೆವು. ಕೇಳಿದ ಹೆಂಗಸರೆಲ್ಲ ನಿಂಗವ್ವನ ಕಡೆಯೇ ನಿಂತರು.

ಮೂರು ಲೋಕಕ್ಕೆ ತಾಯಿಯಾದರೇನು, ತವರಿನಲ್ಲಿ ನಡೆಯುವುದು ಅವ್ವನ ಮಾತೇ.